ಕಾರ್ಡಿನ ಕೆಳಗಿನ ಸಹಿ

ದೊಡ್ಡ ಚೆಸ್ ಪಂದ್ಯಗಳು ನಡೆಯುವ ಸಭಾಂಗಣದ ಬಾಗಿಲಲ್ಲಿ ಈಗ ಆಟಗಾರರ ಮೈದಡವಿ ನೋಡುತ್ತಾರೆ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಕಾರಣ ಆಟ ಬಲ್ಲವರಿಗೆಲ್ಲ ಗೊತ್ತು. ಕಿಸೆಯಲ್ಲಿ ಹಿಡಿಸುವ ಫೋನಿನೊಳಗಿನ ಒಂದು ಪ್ರೋಗ್ರಾಂ ಇವತ್ತು ವಿಶ್ವ ಚಾಂಪಿಯನ್ನನಿಗಿಂತ ಚೆನ್ನಾಗಿ ಆಡುತ್ತದೆ. ಅದನ್ನು ಕದ್ದು ನೋಡಿ ಆಡುವುದೆಂದರೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಬರೆದ ಹಾಗೆ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಇದೇ ಆಟದ ಇನ್ನೊಂದು ಓಣಿಯಲ್ಲಿ ಕಾನೂನು ಬೇರೆಯೇ ಇದೆ. ಎದುರಾಳಿಗಳು ಮುಖಾಮುಖಿ ಕೂರದೆ, ತಮ್ಮ ತಮ್ಮ ಊರಿನಲ್ಲಿದ್ದುಕೊಂಡೇ ಒಬ್ಬರಿಗೊಬ್ಬರು ನಡೆ ಬರೆದು ಕಳಿಸುವ ಅಂಚೆ ಚದುರಂಗ ಅದು. ಈಗ ಅದರ ಬಹುಪಾಲು ನಡೆಗಳು ಅಂತರ್ಜಾಲದಲ್ಲಿ ಹೋಗುತ್ತವೆ, ಹೆಸರು ಮಾತ್ರ ಹಳೆಯದು ಉಳಿದಿದೆ. ಈ ಆಟಕ್ಕೆ 1951ರಿಂದ ಒಂದು ಅಂತಾರಾಷ್ಟ್ರೀಯ ಒಕ್ಕೂಟವಿದೆ, ಐಸಿಸಿಎಫ್ ಎಂದು ಕರೆಯುತ್ತಾರೆ. ಅದರ ಪಂದ್ಯಗಳಲ್ಲಿ ಕಂಪ್ಯೂಟರ್ ನೋಡಿ ಆಡುವುದು ತಪ್ಪಲ್ಲ. ಪುಸ್ತಕ ತಿರುವಿ ಹಾಕಬಹುದು, ಹಳೆಯ ಆಟಗಳ ದಾಖಲೆ ಹುಡುಕಬಹುದು, ಪ್ರೋಗ್ರಾಂ ಓಡಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅದು ಏನು ಹೇಳಿತೆಂದು ನೋಡಬಹುದು. ಕೊನೆಗೆ ಯಾವ ನಡೆ ಕಳಿಸಬೇಕೆಂಬ ತೀರ್ಮಾನ ಮಾತ್ರ ಆಟಗಾರನದೇ ಆಗಿರಬೇಕು.

ಇದನ್ನು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. "ಹಾಗಾದರೆ ಆಡುವುದು ಯಾರು? ಎರಡು ಯಂತ್ರಗಳು ಆಡುತ್ತವೆ, ನೀವು ನಡುವೆ ಟಪಾಲು ಹಂಚುತ್ತೀರಿ, ಅಷ್ಟೇ ತಾನೆ?" ಎನ್ನುತ್ತಾರೆ. ಅದು ನಕ್ಕು ಬಿಡುವಂಥ ಪ್ರಶ್ನೆಯಲ್ಲ. ಅದಕ್ಕೆ ನಮಗೆ ತಿಳಿದಷ್ಟು ಉತ್ತರ ಹೇಳುವುದಕ್ಕಾಗಿಯೇ ಈ ಬರಹ.

ಅಂಚೆ ಚದುರಂಗ ಯಂತ್ರಗಳಿಗಿಂತ ಬಹಳ ಹಿಂದಿನದು. 1824ರಿಂದ 1828ರವರೆಗೆ ಲಂಡನ್ ಮತ್ತು ಎಡಿನ್‌ಬರೊ ನಗರಗಳ ಚೆಸ್ ಕ್ಲಬ್ಬುಗಳು ಕುದುರೆ ಗಾಡಿಯ ಅಂಚೆಯಲ್ಲಿ ಐದು ಆಟ ಆಡಿದವು. ಗೆದ್ದದ್ದು ಎಡಿನ್‌ಬರೊ. ಚೆಸ್ ಪುಸ್ತಕಗಳಲ್ಲಿ 'ಸ್ಕಾಚ್' ಎಂದು ಹೆಸರಾದ ಆರಂಭಕ್ಕೆ ಆ ಹೆಸರು ಬಂದದ್ದು ಆ ಪಂದ್ಯದಿಂದಲೇ. 1869ರಲ್ಲಿ ಆಸ್ಟ್ರಿಯಾ ದೇಶ ಪೋಸ್ಟ್ ಕಾರ್ಡ್ ಹೊರತಂದ ಮೇಲೆ ಈ ಆಟ ಬಡವರ ಕೈಗೂ ಎಟುಕಿತು. ಭಾಷೆ ಬಾರದ ಇಬ್ಬರು ಆಡಬೇಕಾದಾಗ ತೊಂದರೆಯಾಗದಿರಲೆಂದು ಅಂಕಿಗಳ ಒಂದು ಲಿಪಿಯೂ ಇದೆ. ಹಲಗೆಯ ಅರವತ್ತನಾಲ್ಕು ಮನೆಗಳಿಗೂ ಎರಡೆರಡು ಅಂಕಿ. ಹೊರಡುವ ಮನೆ, ಸೇರುವ ಮನೆ, ಅಷ್ಟೇ. ಬಿಳಿಯ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸಿದರೆ ಕಾರ್ಡಿನ ಮೇಲೆ 5254 ಎಂದು ಬರೆಯಬೇಕು.

ಈ ಅಂಕಿಗಳಿಂದ ಸವಣೂರಿನಲ್ಲಿ ನಮಗೊಂದು ಫಜೀತಿ ಆಗಿತ್ತು. ನಮ್ಮ ಹೆಸರಿಗೆ ವಾರಕ್ಕೆ ಎರಡು ಮೂರು ಕಾರ್ಡು ಬರುತ್ತಿದ್ದವು, ಪ್ರತಿಯೊಂದರ ಮೇಲೂ ನಾಲ್ಕು ಅಂಕಿ. ಒಂದು ದಿನ ಪೋಸ್ಟ್‌ಮನ್ ಸೈಕಲ್ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ: "ಇದು ಯಾವೂರಿನ ಓಸಿ ನಂಬರ್ರೀ? ನಮಗೂ ಒಂದ್ ಹೇಳ್ರಲ್ಲ." ಅದು ಜೂಜಲ್ಲ, ಚದುರಂಗ ಎಂದು ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕಾಗಿ ಹೋಯಿತು. ಅವನು ನಂಬಿದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ನಮಗೆ ಆಟ ಕಲಿಸಿದವರು ಎಲೆ ಅಡಿಕೆ ಅಂಗಡಿ ಇಟ್ಟಿದ್ದ ನಮ್ಮ ಮಾಮೂ. ಅವರದು ದೇಸಿ ಆಟ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು, ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ಹಾರಬಹುದು. ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆ, ಮುಂದೆ ಕನ್ನಡ ಶಾಲೆ. ಹಾಗಾಗಿ ನಮಗೆ ಮಂತ್ರಿಯೂ ಗೊತ್ತು, ವಜೀರನೂ ಗೊತ್ತು. ಅಂತಾರಾಷ್ಟ್ರೀಯ ನಿಯಮಗಳನ್ನು ಕಲಿತದ್ದು ಆಮೇಲೆ, ಒಂದು ಹಳೆಯ ಪುಸ್ತಕದಿಂದ. ಅಂಗಡಿಯಲ್ಲಿ ಆಟ ಶುರುವಾದರೆ ಗಿರಾಕಿ ಬಂದರೂ ಮಾಮೂ ತಲೆ ಎತ್ತುತ್ತಿರಲಿಲ್ಲ. "ಈ ಆಟ ಮನೆ ಹಾಳು ಮಾಡುತ್ತದೆ" ಎಂದು ಮಾಮೀ ದಿನಾ ಅನ್ನುತ್ತಿದ್ದರು. ಅಂಚೆ ಆಟಕ್ಕೆ ಆ ದೋಷವಿಲ್ಲ. ಹತ್ತು ನಡೆಗೆ ಮೂವತ್ತು ದಿನ. ಗಿರಾಕಿಯನ್ನೂ ನೋಡಬಹುದು, ನಮಾಜನ್ನೂ ಮುಗಿಸಬಹುದು, ಅನಂತರ ನಡೆಯನ್ನೂ ಯೋಚಿಸಬಹುದು.

1996ರಲ್ಲಿ ನಾವು ಹನ್ನೆರಡು ಜನರ ಒಂದು ಸಣ್ಣ ಅಂಚೆ ಬಳಗ ಸೇರಿದೆವು. ಅದಕ್ಕೆ ಹೆಸರಾಗಲಿ ದಾಖಲಾತಿಯಾಗಲಿ ಇರಲಿಲ್ಲ. ಧಾರವಾಡ, ಗದಗ, ಹಾವೇರಿ ಕಡೆಯ ಮಾಸ್ತರರು, ಬ್ಯಾಂಕಿನವರು, ಕಾಲೇಜು ಹುಡುಗರು ಅದರಲ್ಲಿದ್ದರು. ಪುಸ್ತಕ ನೋಡಬಹುದು, ಯಂತ್ರ ನೋಡಬಾರದು ಎಂಬುದು ನಿಯಮ. ಆಗ ಯಾರ ಮನೆಯಲ್ಲೂ ಯಂತ್ರವೇ ಇರಲಿಲ್ಲ. ಹಾಗಾಗಿ ನಿಯಮ ಪಾಲಿಸುವುದು ಸುಲಭವಿತ್ತು.

ಮರುವರ್ಷವೇ, 1997ರ ಮೇ ತಿಂಗಳಲ್ಲಿ, ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರ ಗ್ಯಾರಿ ಕಾಸ್ಪರೋವ್ ಅವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿತು. ನಾವು ಅದನ್ನು ಪತ್ರಿಕೆಯಲ್ಲಿ ಓದಿ ಅಚ್ಚರಿಪಟ್ಟೆವು. ಅದು ದೂರದ ಸುದ್ದಿಯಾಗಿಯೇ ಇತ್ತು. ಡೀಪ್ ಬ್ಲೂ ಬಹಳ ದೊಡ್ಡ ಯಂತ್ರ, ಸವಣೂರಿಗೆ ಬರುವಂಥದ್ದಲ್ಲ. ಆದರೆ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಫ್ರಿಟ್ಜ್‌ನಂಥ ಪ್ರೋಗ್ರಾಂಗಳು, ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುವಂಥವು, ನಮ್ಮ ಕಡೆಗೂ ಬಂದವು. ಬಳಗದ ಕೆಲವರ ಮನೆಗೆ ಕಂಪ್ಯೂಟರ್ ಬಂತು. ಅದರ ಜೊತೆಗೆ ಅನುಮಾನವೂ ಬಂತು.

2002ರಲ್ಲಿ ನಾವು ಒಬ್ಬ ಹಿರಿಯ ಆಟಗಾರರ ವಿರುದ್ಧ ಒಂದು ಆನೆಯನ್ನು ಬಲಿ ಕೊಟ್ಟು ಗೆದ್ದೆವು. ಹನ್ನೊಂದು ದಿನ ಯೋಚಿಸಿ ಕಳಿಸಿದ ನಡೆ ಅದು. ಮರುಟಪಾಲಿನಲ್ಲಿ ಅವರ ಕಾರ್ಡು ಬಂತು. ಸೋಲೊಪ್ಪಿಕೊಂಡ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: "ಇದು ನಿಮ್ಮ ತಲೆಯಿಂದ ಬಂದ ನಡೆಯಲ್ಲ." ಆಗ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬಳಗ ನಡೆಸುತ್ತಿದ್ದವರು ವಿವರಣೆ ಕೇಳಿದರು. ನಾವು ಲೆಕ್ಕ ಹಾಕಿದ್ದ ನೋಟ್‌ಬುಕ್ಕಿನ ಹಾಳೆಗಳನ್ನು ಹರಿದು ಕಳಿಸಿದೆವು. ಯಂತ್ರ ನೋಡಿಕೊಂಡೂ ಹಾಳೆ ತುಂಬಿಸಬಹುದಲ್ಲ ಎಂಬ ಉತ್ತರ ಬಂತು.

ಆ ಉತ್ತರ ಕ್ರೂರವಾಗಿತ್ತು, ಆದರೆ ಅದರಲ್ಲಿ ತರ್ಕವಿತ್ತು. ಮಾಡಿದ್ದನ್ನು ತೋರಿಸಬಹುದು, ಮಾಡದೇ ಇದ್ದದ್ದನ್ನು ತೋರಿಸುವುದು ಹೇಗೆ? ಮನೆಯೊಳಗೆ ಕೂತು ಆಡುವ ಆಟದಲ್ಲಿ ಮೈದಡವಿ ನೋಡುವ ಬಾಗಿಲೇ ಇಲ್ಲ. ಅನುಮಾನಪಡುವವನಿಂದ ಯಾರೂ ಪುರಾವೆ ಕೇಳುವುದಿಲ್ಲ. ಅನುಮಾನಕ್ಕೆ ಗುರಿಯಾದವನು ಜೀವಮಾನವಿಡೀ ಪುರಾವೆ ಹೊತ್ತು ತಿರುಗಬೇಕು. ಇದು ಚದುರಂಗದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹೊತ್ತಿನಲ್ಲಿ ಗದಗದ ನಿವೃತ್ತ ಮಾಸ್ತರರೊಬ್ಬರು ಬಳಗದ ಎಲ್ಲರಿಗೂ ಒಂದೊಂದು ಕಾರ್ಡು ಹಾಕಿದರು. ಅವರು ಮಾತಾಡುವ ಹಾಗೆಯೇ ಬರೆಯುವವರು. ಕಾರ್ಡಿನಲ್ಲಿದ್ದದ್ದು ಇಷ್ಟು: "ಮಗ ಮನ್ಯಾಗ ಕಂಪ್ಯೂಟರ್ ತಂದಿಟ್ಟಾನ. ಅದರಾಗ ಚೆಸ್ ಐತಿ. ನಾ ಮುಟ್ಟಂಗಿಲ್ಲ ಅಂದ್ರ ನೀವು ನಂಬಬೇಕು, ಈಗಿನ ಹವಾದಾಗ ನಂಬೂದು ನಿಮಗ ಕಷ್ಟ. ಅದಕ್ಕ ಈಗ ನಡದಿರೂ ಆಟಾ ಮುಗಿಸಿ, ಹೊಸಾ ಆಟದಿಂದ ನಾ ಅದನ್ನ ನೋಡೇ ಆಡತೀನಿ. ನೀವೂ ನೋಡ್ರಿ. ಹೇಳಿ ಆಡಿದರ ಆಟ, ಹೇಳದ ಆಡಿದರ ಕಳವು."

ನಮಗೆ ಬಂದ ಕಾರ್ಡಿನ ಅಂಚಿನಲ್ಲಿ ಮಾತ್ರ ಇನ್ನೊಂದು ಸಾಲು ಹೆಚ್ಚಿತ್ತು: "ತಮ್ಮಾ, ಆನಿ ಕೊಟ್ಟದ್ದು ಚಲೋ ಇತ್ತು. ನಂದೂ ಒಂದ್ ವಾರ ಹಾಳಾತು ಅದನ್ನ ತಿಳಕೊಳ್ಳಾಕ."

ಬಳಗ ಒಡೆಯಿತು. ಕೆಲವರು ಆಟವನ್ನೇ ಬಿಟ್ಟರು. ಇಬ್ಬರು ತಮ್ಮತಮ್ಮಲ್ಲೇ ಯಂತ್ರವಿಲ್ಲದೆ ಆಡುತ್ತೇವೆಂದು ಮಾತು ಕೊಟ್ಟುಕೊಂಡು ಬೇರೆಯಾದರು. ಮಾಸ್ತರರ ಜೊತೆ ಉಳಿದವರು ನಾವು ಐದು ಜನ. ನಮ್ಮೊಳಗೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಎಲ್ಲರೂ ನೋಡುತ್ತಾರೆ, ಎಲ್ಲರಿಗೂ ಅದು ಗೊತ್ತು.

ಐಸಿಸಿಎಫ್ ನಿಯಮದ ಹಿಂದಿರುವ ತರ್ಕವೂ ಇದೇ. ಕಾಯಲಾಗದ ಕಾನೂನು ಕಳ್ಳನನ್ನು ಹಿಡಿಯುವುದಿಲ್ಲ, ಪ್ರಾಮಾಣಿಕನನ್ನು ಮಾತ್ರ ಸೋಲಿಸುತ್ತದೆ. ಹಾಗೆಂದು ಇದೊಂದೇ ದಾರಿ ಎಂದು ನಾವು ಹೇಳುವುದಿಲ್ಲ. ಅಮೆರಿಕದ ಚೆಸ್ ಒಕ್ಕೂಟ ತನ್ನ ಅಂಚೆ ಪಂದ್ಯಗಳಲ್ಲಿ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟು ಯಂತ್ರವನ್ನು ನಿಷೇಧಿಸಿದೆ. ಅಲ್ಲಿ ಆಡುವವರು ಒಬ್ಬರನ್ನೊಬ್ಬರು ಭರವಸೆಯ ಮೇಲೆ ನಂಬುತ್ತಾರೆ. ಅದೂ ಒಂದು ಒಪ್ಪಂದ, ಇದೂ ಒಂದು ಒಪ್ಪಂದ. ಮೋಸವೆಂಬುದು ಯಂತ್ರದಲ್ಲಿಲ್ಲ, ಕೊಟ್ಟ ಜಬಾನನ್ನು ಮುರಿಯುವುದರಲ್ಲಿದೆ.

ಇರಲಿ, ಮೊದಲಿನ ಪ್ರಶ್ನೆಗೆ ಬರೋಣ. ಯಂತ್ರವೇ ನಡೆ ಹೇಳುವುದಾದರೆ ಮನುಷ್ಯನಿಗೆ ಉಳಿಯುವ ಕೆಲಸವೇನು?

ಯಂತ್ರ ಮಾಡುವುದನ್ನು ಸರಳವಾಗಿ ಹೇಳಬಹುದು. ಈ ನಡೆಗೆ ಆ ನಡೆ, ಆ ನಡೆಗೆ ಇನ್ನೊಂದು ಎಂದು ಅದು ಲಕ್ಷಾಂತರ ಕವಲುಗಳನ್ನು ಹುಡುಕುತ್ತದೆ. ಪ್ರತಿ ಕವಲಿನ ತುದಿಯಲ್ಲಿ ಸ್ಥಿತಿಯನ್ನು ತೂಗಿ ಒಂದು ಅಂಕಿ ಕೊಡುತ್ತದೆ. ಅಂಕಿ ಒಂದು ಎಂದರೆ ಬಿಳಿಗೆ ಸುಮಾರು ಒಂದು ಕಾಲಾಳಿನಷ್ಟು ಮೇಲುಗೈ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ಕೇಳದ್ದಕ್ಕೆ ಕೊಡುವುದಿಲ್ಲ. ಅದು ಮೊದಲ ನೋಟಕ್ಕೆ ತಳ್ಳಿಹಾಕಿದ ನಡೆಯನ್ನು ನಾವೇ ಹಲಗೆಯ ಮೇಲೆ ಆಡಿ, ನಾಲ್ಕು ನಡೆ ಮುಂದಕ್ಕೊಯ್ದು, "ಈಗ ಏನು ಹೇಳುತ್ತೀಯಾ?" ಎಂದು ಕೇಳಿದರೆ ಎಷ್ಟೋ ಸಲ ಅದರ ಮಾತು ಬದಲಾಗುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುತ್ತ ಮತ್ತೆ ಕೇಳಬೇಕು. ಅಂಚೆ ಚದುರಂಗದವರ ದಿನಗಳು ಕಳೆಯುವುದು ಈ ಹಿಂದೆ ಮುಂದೆ ಓಡಾಟದಲ್ಲೇ. ಮೊದಲ ಉತ್ತರವನ್ನೇ ಕಾರ್ಡಿಗೆ ಇಳಿಸಿ ಕಳಿಸುವವನು ನಿಜಕ್ಕೂ ಟಪಾಲು ಹಂಚುವವನು.

2004ರ ಸುಮಾರಿಗೆ ಮಾಸ್ತರರ ಜೊತೆ ಆಡಿದ ಒಂದು ಆಟದಲ್ಲಿ ನಮ್ಮದು ಬಿಳಿ. ಕೊನೆಗೆ ಉಳಿದದ್ದು ರಾಜರು, ಕಾಲಾಳುಗಳು, ಇಬ್ಬರಿಗೂ ಒಂದೊಂದು ಒಂಟೆ. ನಮ್ಮ ಒಂಟೆ ಬಿಳಿ ಮನೆಗಳಲ್ಲಿ ಓಡಾಡುವುದು, ಅವರದು ಕಪ್ಪು ಮನೆಗಳಲ್ಲಿ. ನಮಗೆ ಎರಡು ಕಾಲಾಳು ಹೆಚ್ಚು. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ನಾವೂ ಅಷ್ಟರಲ್ಲಿ ಕಂಪ್ಯೂಟರ್ ಕೊಂಡಿದ್ದೆವು. ಅದು ಎರಡಕ್ಕೂ ಹೆಚ್ಚಿನ ಅಂಕಿ ತೋರಿಸಿ ನಾವೇ ಗೆಲ್ಲುತ್ತೇವೆ ಎನ್ನುತ್ತಿತ್ತು. ಮಾಸ್ತರರ ಕಾರ್ಡು ಬಂತು: "ನಿನ್ನ ಯಂತ್ರಕ್ಕ ಎರಡು ಕಾಲಾಳು ಹೆಚ್ಚಿಗಿ ಕಾಣತಾವ, ಖರೆ. ನನ್ನ ಕೋಟಿ ಒಳಗ ಬರಾಕ ಬಾಗಲಾ ಎಲ್ಲೈತಿ, ತೋರಸು." ಇಪ್ಪತ್ತು ನಡೆ ಸುತ್ತಿದರೂ ಬಾಗಿಲು ಸಿಗಲಿಲ್ಲ. ನಮ್ಮ ಕಾಲಾಳುಗಳು ಕಪ್ಪು ಮನೆಗಳ ಎದುರು ಸಿಕ್ಕಿಬಿದ್ದಿದ್ದವು. ಅವರ ರಾಜ ಮತ್ತು ಒಂಟೆ ಅಲ್ಲಿಂದ ಕದಲಬೇಕಾಗಿಯೇ ಇರಲಿಲ್ಲ. ಯಂತ್ರ ಮಾತ್ರ ಕೊನೆಯವರೆಗೂ ಅದೇ ಅಂಕಿ ತೋರಿಸುತ್ತ ಕೂತಿತ್ತು. ಆಟ ಡ್ರಾ ಆಯಿತು. ಚೆಸ್ ಬಲ್ಲವರು ಇಂಥ ಸ್ಥಿತಿಯನ್ನು ಕೋಟೆ ಎಂದೇ ಕರೆಯುತ್ತಾರೆ. ಈಗಿನ ಯಂತ್ರಗಳು ಅಂದಿನವುಗಳಿಗಿಂತ ಬಹಳ ಜಾಣವಾಗಿವೆ, ಆದರೂ ಕೆಲವು ಕೋಟೆಗಳ ಎದುರು ಇವತ್ತಿಗೂ ತಪ್ಪು ಲೆಕ್ಕ ಹೇಳುತ್ತವೆ.

ಲೋಕದ ಮಟ್ಟದಲ್ಲೂ ಆ ವರ್ಷಗಳ ಕಥೆ ಹೀಗೆಯೇ ಇದೆ. ಅಬುಧಾಬಿಯಲ್ಲಿ ಹೈಡ್ರಾ ಎಂಬ ಬಲಾಢ್ಯ ಚೆಸ್ ಯಂತ್ರವಿತ್ತು. 2005ರಲ್ಲಿ ಅದು ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು ಆರು ಆಟಗಳಲ್ಲಿ ಐದೂವರೆ–ಅರ್ಧ ಅಂಕಗಳಿಂದ ಹಣಿಯಿತು. ಆದರೆ ಅದೇ ಹೈಡ್ರಾದ ಅದಕ್ಕೂ ಹಿಂದಿನ ಆವೃತ್ತಿ ಜರ್ಮನಿಯ ಅಂಚೆ ಗ್ರ್ಯಾಂಡ್‌ಮಾಸ್ಟರ್ ಆರ್ನೊ ನಿಕೆಲ್ ಎದುರು ತಿಂಗಳುಗಟ್ಟಲೆ ನಡೆದ ಎರಡು ಆಟಗಳಲ್ಲಿ ಎರಡನ್ನೂ ಸೋತಿತ್ತು. ನಿಕೆಲ್ ಬಳಿ ಇದ್ದದ್ದು ಅದಕ್ಕಿಂತ ದೊಡ್ಡ ಯಂತ್ರವಲ್ಲ. ಅಂಗಡಿಯಲ್ಲಿ ಸಿಗುವ ಪ್ರೋಗ್ರಾಂಗಳು, ಸಮಯ, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವೇಕ, ಇಷ್ಟೇ. 2005ರಲ್ಲೇ ಮನುಷ್ಯರು ಯಂತ್ರದ ಜೊತೆ ಸೇರಿ ಆಡಬಹುದಾದ ಒಂದು ಮುಕ್ತ ಪಂದ್ಯ ನಡೆಯಿತು. ಅದರಲ್ಲಿ ಗ್ರ್ಯಾಂಡ್‌ಮಾಸ್ಟರುಗಳನ್ನು ಹಿಂದಿಕ್ಕಿ ಗೆದ್ದವರು ಅಮೆರಿಕದ ಇಬ್ಬರು ಹವ್ಯಾಸಿಗಳು.

ವಿಶ್ಲೇಷಣೆ ಎಂಬುದೇನೂ ಯಂತ್ರದ ಜೊತೆ ಹುಟ್ಟಿದ್ದಲ್ಲ. ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಅಸ್ಸೂಲಿ ಎಂಬ ವಿದ್ವಾಂಸರಿದ್ದರು, ಖಲೀಫರ ಆಸ್ಥಾನದ ಶತರಂಜ್ ಆಟಗಾರರು. ಅವರು ಕಟ್ಟಿದ ಒಂದು ಸಮಸ್ಯೆಯಲ್ಲಿ ಇದ್ದದ್ದು ನಾಲ್ಕೇ ಕಾಯಿ. ಇಬ್ಬರು ರಾಜರು, ಇಬ್ಬರು ವಜೀರರು. ಆ ಕಾಲದ ವಜೀರ ಮೂಲೆಗೆ ಒಂದೇ ಮನೆ ನಡೆಯುವ ಬಡಪಾಯಿ. ತಾನು ಕಲಿಸಿದವರ ಹೊರತು ಇದನ್ನು ಬಿಡಿಸಬಲ್ಲವರು ಭೂಮಿಯ ಮೇಲಿಲ್ಲ ಎಂದು ಅಸ್ಸೂಲಿ ಬರೆದಿಟ್ಟರು. ಅದು ಬಡಾಯಿಯ ಮಾತಾಗಿರಲಿಲ್ಲ. ಸಾವಿರ ವರ್ಷಗಳ ಮೇಲೆ, 1980ರ ದಶಕದಲ್ಲಿ, ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಅದರ ಉತ್ತರ ಕಂಡುಹಿಡಿದರು. ಇವತ್ತಾದರೆ ನಾಲ್ಕು ಕಾಯಿಗಳ ಎಲ್ಲ ಸ್ಥಿತಿಗಳನ್ನೂ ಸಾಮಾನ್ಯ ಕಂಪ್ಯೂಟರ್ ನೋಡನೋಡುವಷ್ಟರಲ್ಲಿ ಲೆಕ್ಕ ಹಾಕಿಬಿಡುತ್ತದೆ. ಹಲಗೆಯ ಮೇಲೆ ಏಳು ಕಾಯಿ ಉಳಿದ ಆಟಗಳ ಸಂಪೂರ್ಣ ಉತ್ತರ 2012ರಲ್ಲೇ ಮಾಸ್ಕೋದಲ್ಲಿ ಸಿದ್ಧವಾಯಿತು. ಅದರಿಂದ ಅಸ್ಸೂಲಿ ಸಣ್ಣವರಾದರೇ? ನಮಗೇನೂ ಹಾಗೆ ಅನ್ನಿಸುವುದಿಲ್ಲ. ಉತ್ತರ ಯಂತ್ರಕ್ಕೂ ಸಿಗುತ್ತದೆ, ಆ ಪ್ರಶ್ನೆ ಹುಟ್ಟಿದ್ದು ಒಬ್ಬ ಮನುಷ್ಯನ ತಲೆಯಲ್ಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಯಂತ್ರಕ್ಕೆ ಒಪ್ಪಿಗೆ ಕೊಟ್ಟದ್ದಕ್ಕೆ ಅಂಚೆ ಚದುರಂಗ ದೊಡ್ಡ ಬೆಲೆ ತೆತ್ತಿದೆ. ಅಮೆರಿಕದ ಹ್ಯಾನ್ಸ್ ಬರ್ಲಿನರ್ 1965ರಲ್ಲಿ ಶುರುವಾಗಿ 1968ರಲ್ಲಿ ಮುಗಿದ ಅಂಚೆ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹದಿನಾರು ಆಟ ಆಡಿ ಹನ್ನೆರಡು ಗೆದ್ದರು, ನಾಲ್ಕು ಡ್ರಾ, ಸೋಲೇ ಇಲ್ಲ. ಅವರೇ ಮುಂದೆ ಕಂಪ್ಯೂಟರ್ ವಿಜ್ಞಾನಿಯಾಗಿ ಹೈಟೆಕ್ ಎಂಬ ಚೆಸ್ ಯಂತ್ರ ಕಟ್ಟಿದರು ಎಂಬುದು ವಿಧಿಯ ತಮಾಷೆ. ಇನ್ನು 2022ರಲ್ಲಿ ಮುಗಿದ 32ನೆಯ ಚಾಂಪಿಯನ್‌ಷಿಪ್ಪಿನ ಲೆಕ್ಕ ನೋಡಿ. ಅಮೆರಿಕದ ಜಾನ್ ಎಡ್ವರ್ಡ್ಸ್ ಗೆದ್ದ ಆ ಪಂದ್ಯದ 136 ಆಟಗಳಲ್ಲಿ 119 ಡ್ರಾ. ಸ್ಟಾಕ್‌ಫಿಶ್‌ನಂಥ ಪ್ರಚಂಡ ಪ್ರೋಗ್ರಾಂ ಈಗ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಇಬ್ಬರ ಕೈಯಲ್ಲೂ ಅದೇ ಇದ್ದರೆ ತಪ್ಪುವವರು ಯಾರು? ತಪ್ಪು ಆಗದಿದ್ದರೆ ಗೆಲ್ಲುವುದು ಹೇಗೆ? ಗೆಲುವಿಗೋಸ್ಕರ ಆಡುವವರು ಈ ಓಣಿಯಿಂದ ಹೊರಟುಹೋದರೆ ಅವರನ್ನು ದೂರುವಂತಿಲ್ಲ.

ನಾವು ಹೊರಟುಹೋಗಲಿಲ್ಲ. ಅದಕ್ಕೆ ಕಾರಣ ಗೆಲುವಲ್ಲ. ಯಂತ್ರ ಬಂದ ಮೇಲೆ ಮಾಸ್ತರರ ಕಾರ್ಡುಗಳು ಇನ್‌ಲ್ಯಾಂಡ್ ಪತ್ರಗಳಾದವು. ಮೊದಲು ನಾಲ್ಕು ಅಂಕಿ ಮಾತ್ರ ಬರುತ್ತಿದ್ದ ಕಡೆ ಈಗ ಅವರು ಯಾವ ನಡೆ ಯಾಕೆ ಆಡಲಿಲ್ಲ, ಯಂತ್ರ ಏನು ಹೇಳಿತು, ತಾನು ಯಾಕೆ ಒಪ್ಪಲಿಲ್ಲ ಎಂದೆಲ್ಲ ಬರೆಯುತ್ತಿದ್ದರು. ಮುಚ್ಚಿಡುವುದೇನೂ ಉಳಿದಿರಲಿಲ್ಲವಾದ್ದರಿಂದ ಎದುರಾಳಿಯೇ ಗುರುವಾದರು. ಕೊನೆಯಲ್ಲಿ ಗದಗಿನ ಮಳೆ, ಮಗನ ಬೆಂಗಳೂರು, ತಮ್ಮ ಮಂಡಿನೋವು. ಅವರು ತೀರಿಕೊಂಡು ಈಗ ಒಂಬತ್ತು ವರ್ಷ. ಪತ್ರಗಳನ್ನು ತೆಗೆದು ಓದಿದಾಗ ಯಂತ್ರದ್ದು ಯಾವುದು, ಅವರದು ಯಾವುದು ಎಂದು ನಮಗೆ ಗೊಂದಲವಾಗುವುದೇ ಇಲ್ಲ. ಪ್ರತಿ ನಡೆಯ ಕೆಳಗೂ ಅವರ ಸಹಿ ಇದೆ. ನಡೆ ಕೆಟ್ಟದ್ದಾದಾಗ ಅವರು ಒಮ್ಮೆಯೂ ಯಂತ್ರ ಹೀಗೆ ಹೇಳಿತು ಎಂದು ನೆಪ ಹೇಳಿದವರಲ್ಲ.

ಕಥೆ ಬರೆಯುವವರಾದ ನಮ್ಮ ಅಂಗಳಕ್ಕೂ ಈಗ ಈ ಪ್ರಶ್ನೆ ಬಂದು ನಿಂತಿದೆ. ಕೇಳಿದರೆ ಕಥೆಯನ್ನೂ ಕವಿತೆಯನ್ನೂ ಬರೆದುಕೊಡುವ ಯಂತ್ರಗಳು ಬಂದಿವೆ. ಸ್ಪರ್ಧೆಗೆ ಬಂದ ಕಥೆ ಸ್ವಲ್ಪ ಚೆನ್ನಾಗಿದ್ದರೆ ಸಾಕು, ಇದು ಈ ಹುಡುಗಿಯ ತಲೆಯಿಂದ ಬಂದದ್ದೇ ಎಂದು ತೀರ್ಪುಗಾರರು ಹುಬ್ಬೇರಿಸತೊಡಗಿದ್ದಾರೆ. ಆ ಹುಡುಗಿ ಏನು ಪುರಾವೆ ಕೊಟ್ಟಾಳು? ನೋಟ್‌ಬುಕ್ಕಿನ ಹಾಳೆಗಳನ್ನು ಹರಿದು ಕಳಿಸಿದರೂ ಅವಳಿಗೆ ಬರುವ ಉತ್ತರ ಯಾವುದೆಂದು ನಮಗೆ ಗೊತ್ತಿದೆ.

ಈ ವಿಷಯದಲ್ಲಿ ಅಂಚೆ ಚದುರಂಗದವರು ನಮಗಿಂತ ಇಪ್ಪತ್ತು ವರ್ಷ ಮುಂದಿದ್ದಾರೆ. ಅವರು ಕಲಿತ ಪಾಠ ದೊಡ್ಡದೇನಲ್ಲ. ಆಡುವ ಮೊದಲೇ ಕೂತು ಮಾತಾಡಿಕೊಳ್ಳಬೇಕು. ನೆರವು ಎಷ್ಟರ ಮಟ್ಟಿಗೆ, ಯಾವುದರದ್ದು ಎಂಬುದು ಎದುರಿಗಿರುವವನಿಗೂ ತಿಳಿದಿರಬೇಕು. ಒಪ್ಪಿದ ಮೇಲೆ ಆ ಮಾತು ಅಮಾನತ್, ಅದನ್ನು ಕಾಯುವುದು ನಮ್ಮ ಹೊಣೆ. ನೆರವು ಪಡೆದವನನ್ನು ಹೀನಾಯ ಮಾಡುವುದೂ ಬೇಡ, ಪಡೆಯದವನನ್ನು ಅನುಮಾನದಿಂದ ಕೊಲ್ಲುವುದೂ ಬೇಡ. ಕೊನೆಗೆ ಕೆಳಗೆ ಹೆಸರು ಬರೆಯುವವನು ಮೇಲಿನ ಪ್ರತಿ ಅಕ್ಷರಕ್ಕೂ ಜವಾಬು ಹೇಳಲು ತಯಾರಿರಬೇಕು. ಅಷ್ಟಾದರೆ ನಡೆ ಯಾರದು ಎಂಬ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.